ನೀರು ಹೊಡೆದ ಏಟು

ನೀರಿನಷ್ಟು ಸಾಧು ವಸ್ತು ಇನ್ನೊಂದಿಲ್ಲ ಅಂತ ಜನ ತಿಳಿದಿದ್ದಾರೆ. ನಾನು ರಸಾಯನಶಾಸ್ತ್ರದ ಮೇಷ್ಟ್ರು, ಹಾಗೆ ತಿಳಿದುಕೊಂಡು ನೆಮ್ಮದಿಯಾಗಿರುವ ಭಾಗ್ಯ ನನಗಿಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಇಡೀ ಒಂದು ವರ್ಷ, ವಿಕಿರಣ ತಾಗಿದ ನೀರು ಏನೆಲ್ಲ ಮಾಡಬಲ್ಲದು ಎಂಬುದನ್ನು ಗಾಜಿನ ಕೊಳವೆಗಳಲ್ಲಿ ಕಣ್ಣಾರೆ ಕಂಡವನು ನಾನು.

ಮಾಡಬೇಕಾಗಿದ್ದ ಕೆಲಸ ಸರಳವಾಗಿತ್ತು. ಅಮೈನೋ ಆಮ್ಲಗಳೆಂದರೆ ನಮ್ಮ ಮೈಯ ಪ್ರೋಟೀನುಗಳನ್ನು ಕಟ್ಟುವ ಇಟ್ಟಿಗೆಗಳು. ಅವುಗಳಲ್ಲಿ ಎಲ್ಲಕ್ಕಿಂತ ಸಣ್ಣ ಇಟ್ಟಿಗೆ ಗ್ಲೈಸಿನ್. ಅದನ್ನು ನೀರಿನಲ್ಲಿ ಕರಗಿಸಿ, ಕೋಬಾಲ್ಟಿನ ಕಿರಣಕ್ಕೆ ಒಡ್ಡಿ, ಎಷ್ಟು ಹಾಳಾಯಿತು ಎಂದು ಅಳೆಯಬೇಕು. ಗ್ಲೈಸಿನ್ ಮುರಿದಾಗ ಅಮೋನಿಯಾ ಹೊರಬೀಳುತ್ತದೆ. ಅದನ್ನು ಪತ್ತೆ ಹಚ್ಚುವ ದ್ರಾವಣದ ನಾಲ್ಕು ಹನಿ ಬಿಟ್ಟರೆ ಅಮೋನಿಯಾ ಇದ್ದಷ್ಟೂ ಕೊಳವೆ ಹಳದಿಯಾಗುತ್ತದೆ. ಹಳದಿ ಹೆಚ್ಚಾದಷ್ಟು ಹಾನಿ ಹೆಚ್ಚು. ಒಣ ಗ್ಲೈಸಿನ್ ಪುಡಿಯನ್ನು ಅಷ್ಟೇ ಹೊತ್ತು ಕಿರಣದ ಮುಂದೆ ಇಟ್ಟರೆ ಅದು ಅಷ್ಟಾಗಿ ಕೆಡುವುದಿಲ್ಲ. ನೀರಿನಲ್ಲಿದ್ದಾಗಲೇ ಅದಕ್ಕೆ ಈ ಗತಿ ಯಾಕೆ ಅಂತ ನಾನು ಕೇಳಿದಾಗ ನಮ್ಮ ಪ್ರೊಫೆಸರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದರು.

"ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲೋ, ಅದ ಇದು. ಕಿರಣ ಹೊಡಿಯೋದು ನೀರಿಗೆ. ನೀರು ಬಂದು ಗ್ಲೈಸಿನ್ನಿಗೆ ಹೊಡೀತದ."

ಕಿರಣ ತಾಗಿದ ನೀರು ಒಡೆದು ಚೂರಾಗುತ್ತದೆ. ಆ ಚೂರುಗಳಲ್ಲಿ ಕೆಲವಕ್ಕೆ ಒಂದು ಎಲೆಕ್ಟ್ರಾನಿನ ಜೋಡಿ ತಪ್ಪಿರುತ್ತದೆ. ಅವೇ ಫ್ರೀ ರ‍್ಯಾಡಿಕಲ್‌ಗಳು. ಜೋಡಿ ಕಳೆದುಕೊಂಡ ಪುಂಡರು ಅವು; ಎದುರಿಗೆ ಸಿಕ್ಕವರಿಂದ ಕಿತ್ತುಕೊಳ್ಳದೆ ಬಿಡುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಗ್ಲೈಸಿನ್ನಿನಿಂದ ಕಿತ್ತುಕೊಂಡು ಅದನ್ನು ಮುರಿದು ಹಾಕಿರುತ್ತವೆ. ಆದರೆ ಅದೇ ನೀರಿಗೆ ಮೊದಲೇ ಒಂದಿಷ್ಟು ಆಲ್ಕೋಹಾಲ್ ಬೆರೆಸಿಟ್ಟರೆ ಪುಂಡರು ಅದರ ಮೇಲೆ ಬಿದ್ದು ಅಲ್ಲೇ ಮುಗಿದುಹೋಗುತ್ತಾರೆ. ಗ್ಲೈಸಿನ್ ಪಾರಾಗುತ್ತದೆ. ಹಾಗೆ ಬೆರೆಸಿದ ಕೊಳವೆಗೆ ಹನಿ ಬಿಟ್ಟೆ, ಕಾದೆ. ಹಳದಿ ಬಂದೂ ಬರದಂತೆ ತೆಳ್ಳಗೆ ಬಂತು. ಪಕ್ಕದ ಕೊಳವೆ ಅರಿಸಿನದಂತೆ ಗಾಢವಾಗಿತ್ತು. ಅವತ್ತು ಹಾಸ್ಟೆಲಿನಲ್ಲಿ ಕಂಡಕಂಡವರಿಗೆಲ್ಲ ಚಹಾ ಕುಡಿಸಿದೆ. ಹಾನಿಯನ್ನು ತಡೆಯುವ ವಿದ್ಯೆ ನನಗೆ ಬಂತು ಅಂತ ತಿಳಿದುಕೊಂಡೆ.

ಆ ವಿದ್ಯೆಯೇ ನನ್ನ ಅಕ್ಕನನ್ನು ಕೊಂದಿತೇ, ಅಥವಾ ಆಕೆ ಹೇಗಿದ್ದರೂ ಉಳಿಯುತ್ತಿರಲಿಲ್ಲವೇ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಾನು ಶಾಲೆಗೆ ಹೋಗಲಿ ಅಂತ ಆಕೆಯನ್ನು ನಾಲ್ಕನೆಯ ಇಯತ್ತೆಗೇ ಬಿಡಿಸಿ ಆಡುಗಳ ಹಿಂದೆ ಕಳಿಸಿದರು. ಇದನ್ನು ಆಕೆ ಎಂದೂ ಎತ್ತಿ ಆಡಿದವಳಲ್ಲ, ಆದರೆ ಮರೆತವಳೂ ಅಲ್ಲ. ನನ್ನ ಎಂ.ಎಸ್ಸಿ. ಮುಗಿದ ವರ್ಷ ಬಂದವರಿಗೆಲ್ಲ "ನಾವಿಬ್ಬರೂ ಕೂಡೇ ಕಲತೇವಿ, ಪರೀಕ್ಷಾ ಅಷ್ಟ ಅಂವಾ ಬರದಾನ" ಅನ್ನುತ್ತಿದ್ದಳು. ಅಲಖನೂರಿಗೆ ಮದುವೆ ಮಾಡಿಕೊಟ್ಟರು. ಅಲ್ಲಿ ಎರಡೆಕರೆ ಕಬ್ಬು, ಹತ್ತಿಪ್ಪತ್ತು ಆಡು. ಮಕ್ಕಳಾಗಲಿಲ್ಲ, ಗಂಡ ಬೇಗ ಹೋದ. ಹೊಲವನ್ನು ಪಾಲಿಗೆ ಕೊಟ್ಟು ಆಡುಗಳನ್ನು ತಾನೇ ಮೇಯಿಸಿಕೊಂಡಿದ್ದಳು.

ಆಕೆಗಿದ್ದ ಚಟ ಒಂದೇ, ಮಿಶ್ರಿ. ನಮ್ಮ ಕಡೆ ಹೆಂಗಸರಿಗೆ ಅದು ಚಟ ಅಂತಲೂ ಅನ್ನಿಸುವುದಿಲ್ಲ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಎದ್ದ ಕೂಡಲೇ ಬೆರಳಿನಿಂದ ಹಲ್ಲಿಗೂ ವಸಡಿಗೂ ತಿಕ್ಕುತ್ತ ಕೂಡುವುದು. ಅದು ಇಲ್ಲದೆ ಚಹಾ ಇಲ್ಲ, ಮಾತಿಲ್ಲ. ನಿಪ್ಪಾಣಿ ತಂಬಾಕಿನದಾದರೆ ಘಮ ಚಲೋ ಅಂತ ಹೇಳಿ ನನ್ನಿಂದ ತರಿಸಿಕೊಳ್ಳುತ್ತಿದ್ದಳು. ತಂದುಕೊಟ್ಟಿದ್ದೇನೆ, ಒಂದಲ್ಲ ಹತ್ತು ಸಲ. ಒಮ್ಮೆ "ಬಿಡು ಅಕ್ಕಾ" ಅಂದಿದ್ದೆ. "ನಿನ್ನ ಚಹಾ ಬಿಡು, ನಾ ಇದನ್ನ ಬಿಡತೇನಿ" ಅಂದಳು. ಇಬ್ಬರೂ ನಕ್ಕೆವು, ಇಬ್ಬರೂ ಬಿಡಲಿಲ್ಲ.

ಎಡಗಡೆ ಹಿಂದಿನ ವಸಡಿನಲ್ಲಿ ಹುಣ್ಣಾಯಿತು. ಹಲ್ಲಿನದು ಅಂದುಕೊಂಡು ಹಲ್ಲು ಕೀಳಿಸಿದಳು. ಗಾಯ ಮಾಯಲಿಲ್ಲ. ನಾನು ನೋಡಲು ಹೋದಾಗ ಬಾಯಿ ಎರಡು ಬೆರಳು ಮಾತ್ರ ತೆರೆಯುತ್ತಿತ್ತು. ಮರುದಿನವೇ ಮಿರಜಿಗೆ ಕರೆದುಕೊಂಡು ಹೋದೆ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ರೋಗದ ಹೆಸರು ಹೇಳಿದರು. ಕೊಯ್ದು ತೆಗೆಯುವ ಜಾಗದಲ್ಲಿಲ್ಲ, ವಿಕಿರಣ ಕೊಡೋಣ, ಜೊತೆಗೆ ವಾರಕ್ಕೊಮ್ಮೆ ಸಲಾಯಿನಿನಲ್ಲಿ ಔಷಧ ಬಿಡೋಣ ಅಂದರು. ಮೂವತ್ಮೂರು ಸಲ. ಶನಿವಾರ, ಭಾನುವಾರ ಬಿಟ್ಟು ದಿನಾಲೂ.

ನಮ್ಮ ಜನ ಅದನ್ನು ವಿಕಿರಣ ಅನ್ನುವುದಿಲ್ಲ, ಕರೆಂಟ್ ಅನ್ನುತ್ತಾರೆ. "ಕರೆಂಟ್ ಕೊಡಸಾಕ ಹೊಂಟೇವಿ", "ಹನ್ನೆರಡ ಕರೆಂಟ್ ಆದೂವು". ನಾನು ಪಾಠದ ಧ್ವನಿಯಲ್ಲಿ ಎರಡು ದಿನ ತಿದ್ದಿ ನೋಡಿದೆ, ಆಮೇಲೆ ನಾನೂ ಕರೆಂಟ್ ಅನ್ನತೊಡಗಿದೆ.

ಆಗ ನಾನು ಕುಡಚಿಯ ಕಾಲೇಜಿನಲ್ಲಿದ್ದೆ. ಸ್ಟೇಷನ್ನಿಗೆ ಹತ್ತಿರದಲ್ಲೇ ಬಾಡಿಗೆ ಮನೆ. ಅಕ್ಕನನ್ನು ಅಲ್ಲಿಗೇ ತಂದುಕೊಂಡೆವು. ನನ್ನ ಪಿರಿಯಡ್ಡುಗಳನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಂಡೆ. ಬೆಳಿಗ್ಗೆ ಪ್ಯಾಸೆಂಜರ್ ಹಿಡಿದರೆ ಕೃಷ್ಣೆಯ ಸೇತುವೆ, ಉಗಾರ, ಶೇಡಬಾಳ ದಾಟಿ ಮಿರಜ. ಉಗಾರ ಬಂತೆಂದರೆ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಕಟುವಾಸನೆ ರೈಲಿನ ಡಬ್ಬಿಯೊಳಗೆ ನುಗ್ಗುತ್ತಿತ್ತು. ಆ ಡಬ್ಬಿಯಲ್ಲಿ ಅರ್ಧ ಜನ ನಮ್ಮಂಥವರೇ ಇದ್ದರು. ಬಾಯಿಗೆ ಸೆರಗು ಹಿಡಿದವರು, ಕುತ್ತಿಗೆ ಕಪ್ಪಾದವರು, ನೀರಿನ ಬಾಟಲಿ ಕೈಬಿಡದವರು. ವಾರದೊಳಗೆ ಎಲ್ಲರಿಗೂ ಎಲ್ಲರ ಲೆಕ್ಕ ಗೊತ್ತಾಯಿತು, ಯಾರದು ಎಷ್ಟನೆಯ ಕರೆಂಟ್ ಅಂತ.

ಮೊದಲ ದಿನ ಜಾಲರಿಯ ಪ್ಲಾಸ್ಟಿಕ್ಕನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಅಕ್ಕನ ಮುಖದ ಮೇಲೆ ಒತ್ತಿ ಅಚ್ಚು ತೆಗೆದರು. ಕಿರಣ ಕೊಡುವಾಗ ಮುಖ ಅಲುಗಾಡದಂತೆ ಅದನ್ನು ಹಾಕಿ ಮೇಜಿಗೆ ಬಿಗಿಯುತ್ತಾರೆ. ಹೊರಬಂದವಳೇ "ನನ್ನ ಮಾರಿದು ಒಂದ ಸೋಗು ಮಾಡಿ ಇಟ್ಟಾರ. ಮೂಗು ಭಾಳ ದೊಡ್ಡದು ಬಂದೈತಿ" ಅಂದಳು. ಅವತ್ತೇ ಡಾಕ್ಟರು ನಮ್ಮನ್ನು, ಇನ್ನೂ ನಾಲ್ಕೈದು ಹೊಸಬರನ್ನು ಕೂರಿಸಿಕೊಂಡು ಕನ್ನಡ ಮರಾಠಿ ಬೆರೆಸಿ ತಿಳಿಸಿ ಹೇಳಿದರು. ಮೂರನೆಯ ವಾರದಿಂದ ಬಾಯಿ ಉರಿಯುತ್ತದೆ, ಉಗುಳು ಅಂಟಾಗುತ್ತದೆ, ಚರ್ಮ ಕಪ್ಪಾಗುತ್ತದೆ, ಹೆದರಬೇಡಿ. ಕೊನೆಗೆ ಬೆರಳೆತ್ತಿ ಹೇಳಿದರು: "ನಾವು ಬರೆದದ್ದು ಬಿಟ್ಟು ಬ್ಯಾರೆ ಗುಳಗಿ, ರಸ, ಪುಡಿ ಏನೂ ಕೊಡಬ್ಯಾಡ್ರಿ. ಕೊಡೂ ಹಂಗ ಇದ್ರ ಮೊದಲ ನನಗ ಕೇಳ್ರಿ."

ನಾನು ಗಂಭೀರವಾಗಿ ತಲೆಯಾಡಿಸಿದೆ. ಆ ಮಾತು ಪಕ್ಕದಲ್ಲಿ ಕೂತ ರುಮಾಲಿನವರಿಗೆ, ಸೆರಗಿನವರಿಗೆ ಹೇಳಿದ್ದು ಅಂತ ತಿಳಿದುಕೊಂಡೆ. ನನಗೆ ಹೇಳಿದ್ದಾಗಿರಬಹುದು ಅಂತ ಒಂದು ಗಳಿಗೆಯೂ ಹೊಳೆಯಲಿಲ್ಲ.

ಎರಡನೆಯ ವಾರ ಅಲಖನೂರಿನಿಂದ ಅಕ್ಕನ ನೆರೆಮನೆಯ ಮುದುಕಿ ನೋಡಲು ಬಂದಳು. ಚಿಂಚಲಿ ಮಾಯಕ್ಕದೇವಿಯ ಭಂಡಾರವನ್ನು, ಅಂದರೆ ಪ್ರಸಾದದ ಅರಿಸಿನ ಪುಡಿಯನ್ನು, ಚೀಲದಲ್ಲಿ ಕಟ್ಟಿಕೊಂಡು ತಂದಿದ್ದಳು. "ಒಂದ ಚಿಟಿಕಿ ಗದ್ದಕ್ಕ ಹಚ್ಚತೇನಿ ತಮ್ಮಾ, ತಾಯಿ ಕಾಯ್ತಾಳ" ಅಂದಳು. ನನಗೆ ಎಲ್ಲಿತ್ತೋ ಸಿಟ್ಟು. "ಕರೆಂಟ್ ಕೊಟ್ಟ ಜಾಗಾಕ್ಕ ಏನೂ ಹಚ್ಚಬಾರದಂತ ಡಾಕ್ಟರ್ ಹೇಳ್ಯಾರ. ಇನ್ನೂ ಎಷ್ಟ ದಿನಾ ಬೇ ನಿಮ್ಮ ಈ ಪುಡಿ, ಬೂದಿ?" ಎಂದು ಕೂಗಾಡಿದೆ. ಮುದುಕಿ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದಳು. ಅಕ್ಕ ಅವತ್ತು ರಾತ್ರಿ ನನ್ನ ಜೊತೆ ಮಾತಾಡಲಿಲ್ಲ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮುದುಕಿಗೆ ಶಾಸ್ತ್ರ ಹೇಳಿದ ಆ ಹೊತ್ತಿಗೆ ನಾನು ಅಕ್ಕನಿಗೆ ನನ್ನದೇ ಭಂಡಾರ ಕೊಡುತ್ತ ಎಂಟು ದಿನವಾಗಿತ್ತು.

ಹೇಗೆ ಶುರುವಾಯಿತು ಅಂದರೆ, ಡಾಕ್ಟರು ಬಾಯಿ ಉರಿಯುತ್ತದೆ ಅಂದದ್ದೇ ನನ್ನ ತಲೆಯೊಳಗೆ ಕೊಳವೆಗಳು ಎದ್ದು ನಿಂತವು. ಬಾಯಿ ಯಾಕೆ ಉರಿಯುತ್ತದೆ? ಮೈಯೆಂದರೆ ಬಹುಪಾಲು ನೀರು. ಕಿರಣ ಆ ನೀರನ್ನು ಒಡೆಯುತ್ತದೆ, ಪುಂಡರು ಹುಟ್ಟುತ್ತಾರೆ, ಬಾಯೊಳಗಿನ ಎಳೆಯ ಚರ್ಮವನ್ನು ಕೆಡಿಸುತ್ತಾರೆ. ಹಾಗಾದರೆ ಪುಂಡರನ್ನು ಮೊದಲೇ ಹಿಡಿದುಕೊಳ್ಳುವಂಥದ್ದು ಮೈಯಲ್ಲಿ ಇದ್ದರೆ? ಆಲ್ಕೋಹಾಲ್ ಕುಡಿಸುವಂತಿಲ್ಲ. ವಿಟಮಿನ್ ಸಿ ಇದೆ, ವಿಟಮಿನ್ ಇ ಇದೆ, ನೆಲ್ಲಿಕಾಯಿ ಇದೆ. ಎಲ್ಲವೂ ಅದೇ ಕೆಲಸ ಮಾಡುವಂಥವು, ಎಲ್ಲವೂ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವಂಥವು. ಒಂದು ಹಳೆಯ ಉತ್ತರಪತ್ರಿಕೆಯ ಬೆನ್ನಿಗೆ ಲೆಕ್ಕ ಹಾಕಿದೆ, ಎಷ್ಟು ಕೊಟ್ಟರೆ ಎಷ್ಟು ಹೊತ್ತು ರಕ್ತದಲ್ಲಿರುತ್ತದೆ ಅಂತ. ಕಿರಣ ಕೊಡುವ ಹೊತ್ತಿಗೆ ಸರಿಯಾಗಿ ಅದು ಮೈತುಂಬ ಹರಡಿರಬೇಕು. ಬಹಳ ವರ್ಷಗಳ ಮೇಲೆ ನನ್ನ ಓದು ನನ್ನವರಿಗೆ ಉಪಯೋಗಕ್ಕೆ ಬರುತ್ತಿದೆ ಅಂತ ಎದೆ ಉಬ್ಬಿತು. ಇದನ್ನು ಮುಚ್ಚಿಡುವುದಿಲ್ಲ, ಆ ದಿನಗಳಲ್ಲಿ ನಾನು ಒಂದು ರೀತಿಯಲ್ಲಿ ಸುಖವಾಗಿದ್ದೆ.

ಬೆಳಿಗ್ಗೆ ರೈಲಿಗೆ ಮುಂಚೆ ಮೂರು ಗುಳಿಗೆ, ಒಂದು ಲೋಟ ನೆಲ್ಲಿಕಾಯಿ ರಸ ಅಕ್ಕನ ಮುಂದೆ ಇಟ್ಟೆ.

"ಡಾಕ್ಟರ್ ಕೊಟ್ಟಾರೇನೋ?" ಅಂದಳು.

"ನಾ ಕೊಡಾಕತ್ತೇನಿ."

ಅಕ್ಕ ಮತ್ತೇನೂ ಕೇಳದೆ ಬಾಯಿ ತೆರೆದಳು. ತೆರೆದದ್ದು ಎರಡು ಬೆರಳಷ್ಟು. ಗುಳಿಗೆಗಳನ್ನು ಒಂದೊಂದಾಗಿ ಒಳಗೆ ಇಟ್ಟವನು ನಾನೇ.

ನನ್ನ ಹೆಂಡತಿ ಅಥಣಿ ಕಡೆಯ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿ. ವಾರದ ಕೊನೆಗೆ ಬಂದವಳು ಗುಳಿಗೆಯ ಬಾಟಲಿ ನೋಡಿ "ಇದನ್ನ ಡಾಕ್ಟರಿಗೆ ಹೇಳೀರೇನ್ರಿ?" ಅಂತ ಕೇಳಿದಳು. "ವಿಟಮಿನ್ನಿಗೆ ಡಾಕ್ಟರ್ ಯಾಕ ಬೇಕು?" ಎಂದು ಗದರಿಸಿದೆ. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ಉತ್ತರ ಗೊತ್ತಿಲ್ಲದ ಮೇಷ್ಟ್ರು ಗದರಿಸುವುದೂ ಹೀಗೆಯೇ.

ನಾಲ್ಕನೆಯ ವಾರ ಬಂತು. ಡಬ್ಬಿಯಲ್ಲಿ ಮಾತು ಕಡಿಮೆಯಾಯಿತು. ನಮ್ಮ ಜೊತೆ ಶುರು ಮಾಡಿದ ಕಾಗವಾಡದ ದ್ರಾಕ್ಷಿ ತೋಟದವನೊಬ್ಬ ಗುಟುಕು ನೀರಿಗೂ ಕಣ್ಣೀರು ಹಾಕುತ್ತಿದ್ದ. ಇನ್ನೊಬ್ಬರಿಗೆ ಮೂಗಿನಿಂದ ಕೊಳವೆ ಹಾಕಿದರು. ಅಕ್ಕ ಮಾತ್ರ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತಿದ್ದಳು. ಬಾಯೊಳಗೆ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಜನ ಬಂದು ಆಕೆಯ ಬಾಯಿ ನೋಡಿ ಹೋಗುತ್ತಿದ್ದರು. "ನಿಮ್ಮ ಅಕ್ಕಗ ಏನ ಕೊಡತೀರಿ ಸರ್?" ಅಂತ ಕೇಳುತ್ತಿದ್ದರು. ನಾನು ಮುಗುಳ್ನಕ್ಕು, "ಎಲ್ಲಾ ದೇಹಪ್ರಕೃತಿ" ಅನ್ನುತ್ತಿದ್ದೆ. ಒಳಗೊಳಗೆ ಮಾತ್ರ ಆ ಡಬ್ಬಿಯೇ ನನ್ನ ಪ್ರಯೋಗಾಲಯ ಆಗಿತ್ತು. ಅತ್ತ ಹಳದಿ ಕೊಳವೆಗಳು, ಇತ್ತ ನನ್ನ ತಿಳಿ ಕೊಳವೆ. ಎದುರು ಕೂತು ಅಳುತ್ತಿದ್ದ ಮನುಷ್ಯನನ್ನು ನೋಡಿ ನನ್ನ ಲೆಕ್ಕ ಸರಿಬಂತು ಅಂತ ಸಂತೋಷಪಟ್ಟವನು ನಾನು. ಇದಕ್ಕಿಂತ ಕೀಳಾದದ್ದನ್ನು ನನ್ನ ಬಗ್ಗೆ ಇನ್ನೊಂದು ಹೇಳಲಾರೆ.

ಆ ವಾರದ ತಪಾಸಣೆಯಲ್ಲಿ ಡಾಕ್ಟರು ಅಕ್ಕನ ಬಾಯೊಳಗೆ ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು. ಮೊದಲ ಸಲ ನೋಡುವಾಗ ಇದ್ದ ಆತುರ ಇರಲಿಲ್ಲ.

"ಬಾಯಿ ಭಾಳ ಚಲೋ ಐತಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಸರ್, ಬ್ಯಾರೆ ಏನರೆ ಕೊಡಾಕತ್ತೀರೇನು?"

ಹೊರಗೆ ಇಪ್ಪತ್ತು ಜನ ಬಾಗಿಲಿಗೆ ಮುಖ ಹಚ್ಚಿಕೊಂಡು ನಿಂತಿದ್ದರು. ಕೊಡುತ್ತಿದ್ದೇನೆ ಅಂದರೆ ಅವರೆಲ್ಲರ ಎದುರು ಡಾಕ್ಟರು ನನ್ನನ್ನು ಒಬ್ಬ ಹಳ್ಳಿಯ ಗಮಾರನನ್ನು ಬೈದಂತೆ ಬೈಯಬಹುದಿತ್ತು. ಗುಳಿಗೆಗಳನ್ನು ಬಿಡಿಸಿಯೂ ಬಿಡುತ್ತಿದ್ದರು. ಇನ್ನು ಮೂರು ವಾರ ಅಕ್ಕನ ಬಾಯಿ ಕಾಯಬೇಕಾಗಿತ್ತು. ಎಲ್ಲ ಮುಗಿದು ಆಕೆ ಗುಣವಾದ ಮೇಲೆ ಒಂದು ದಿನ ಸಾವಕಾಶವಾಗಿ ಕೂತು ಇದೆಲ್ಲವನ್ನೂ ಇವರಿಗೇ ವಿವರಿಸುತ್ತೇನೆ, ಬೆರಗಾಗಲಿ, ಅಂತಲೂ ಒಂದು ಆಸೆಯಿತ್ತು.

"ಏನೂ ಇಲ್ರಿ" ಅಂದೆ.

ಅಕ್ಕ ನನ್ನ ಮುಖ ನೋಡಿದಳು. ಡಾಕ್ಟರಿಗೆ ಗೊತ್ತಿರಬಹುದು ಅಂತ ಅಲ್ಲಿಯವರೆಗೆ ತಿಳಿದಿದ್ದಳೋ ಏನೋ. ಆದರೂ ಮೂವತ್ಮೂರನೆಯ ಕರೆಂಟ್ ಮುಗಿಯುವವರೆಗೂ ದಿನಾ ಮೂರು ಗುಳಿಗೆ ನುಂಗಿದಳು.

ಮುಗಿದ ಮೇಲೆ ಮೂರು ತಿಂಗಳು ಬಿಟ್ಟು ಸ್ಕ್ಯಾನ್ ಮಾಡಿಸಿ ತೋರಿಸಲು ಹೇಳಿದ್ದರು. ಅಕ್ಕ ನಮ್ಮಲ್ಲೇ ಉಳಿದಳು. ದಪ್ಪಗಾದಳು ಅಂತಲೂ ಅನ್ನಬಹುದು. ಮಿಶ್ರಿಯನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿದ ದಿನವೇ ಬಿಟ್ಟಿದ್ದಳು. ಬೆಳಿಗ್ಗೆ ಎದ್ದು ಬೆರಳು ಸುಮ್ಮನೆ ಇರಲಾರದೆ ಹಲ್ಲು ಮುಟ್ಟಿಕೊಂಡು ಕೂಡುತ್ತಿದ್ದಳು. ಓಣಿಯ ಹೆಂಗಸರೆಲ್ಲ ಪರಿಚಯವಾದರು. ಮಧ್ಯಾಹ್ನ ನಾನು ಕಾಲೇಜಿಗೆ ಹೋದ ಮೇಲೆ ಯಾರು ಬರುತ್ತಾರೆ, ಏನು ಮಾತಾಡುತ್ತಾರೆ ಅಂತ ನಾನು ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ಕುತ್ತಿಗೆಯಲ್ಲಿ ಸಣ್ಣ ಗಂಟೊಂದು ಕೈಗೆ ಸಿಕ್ಕಿತು. ನೆಗಡಿಯದು ಅಂದೆ. ನೆಗಡಿ ಇರಲಿಲ್ಲ.

ವರದಿ ತೆಗೆದುಕೊಂಡು ಹೋದ ದಿನ ಅಕ್ಕನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ವಸಡಿನದು ಸ್ವಲ್ಪ ಕುಗ್ಗಿದೆ, ಹೋಗಿಲ್ಲ. ಕುತ್ತಿಗೆಯಲ್ಲಿ ಬೆಳೆದಿದೆ. ಕತ್ತಿನ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಈಗಲೂ ಕೊಯ್ಯಲು ಬರುವುದಿಲ್ಲ. ಮತ್ತೆ ಕಿರಣ ಕೊಡಲೂ ಆಗುವುದಿಲ್ಲ. ನೋವಿಗೆ ಔಷಧ ಕೊಡೋಣ ಅಂದರು. ಮಾತಿನಲ್ಲಿ ಮರುಕವಿತ್ತು, ಅವಸರವಿರಲಿಲ್ಲ.

ನಾನು ಎದ್ದು ಬರಬೇಕಾಗಿತ್ತು. ಬರಲಿಲ್ಲ.

"ಸರ್, ನನ್ನ ಒಬ್ಬ ವಿದ್ಯಾರ್ಥಿ ಕೇಳಿದ್ದ" ಅಂದೆ. ಆ ಹೊತ್ತಿನಲ್ಲೂ ಸುಳ್ಳೇ ಬಂತು ಬಾಯಿಗೆ. "ಕಿರಣ ಕೊಡುವಾಗ ವಿಟಮಿನ್ ಸಿ, ಇ ಹೆಚ್ಚಿಗೆ ಕೊಟ್ಟರೆ ಏನಾಗುತ್ತದೆ ಅಂತ."

ಡಾಕ್ಟರು ಫಿಲ್ಮನ್ನು ಕೆಳಗಿಟ್ಟರು.

"ನೋಡ್ರಿ ಸರ್, ನಾವು ಗಡ್ಡೀಗೆ ಹೊಡಿಯೂದ ಆ ಫ್ರೀ ರ‍್ಯಾಡಿಕಲ್ ಕಡಿಂದ. ಅದ ನಮ್ಮ ಹತ್ಯಾರ. ನೀವು ಅದನ್ನ ಹಿಡದ ಕಟ್ಟಿ ಹಾಕಿದ್ರ ಬಾಯಿ ಉಳೀತೈತಿ ಖರೆ. ಗಡ್ಡೀನೂ ಉಳೀಬಹುದಲ್ಲ? ವಿಟಮಿನ್ನಿಗೆ ಇದು ಒಳ್ಳೆ ಜೀವಕೋಶ, ಇದು ಕೆಟ್ಟದ್ದು ಅಂತ ಏನ ಗೊತ್ತಿರತೈತಿ?" ನನ್ನನ್ನೇ ನೋಡುತ್ತ ಹೇಳಿದರು: "ಅದರಿಂದನ ಹಿಂಗಾತು ಅಂತ ಯಾರೂ ಹೇಳಾಕ ಬರೂದಿಲ್ಲ. ಏನೂ ತಗೊಳ್ಳದವರಿಗೂ ಗಡ್ಡಿ ಉಳದಿದ್ದು ನೋಡೇನಿ. ಆದ್ರ ಅದಕ್ಕ ಮೊದಲ ಕೇಳ್ರಿ ಅಂತ ಹೇಳಿದ್ದೆ."

ಅವರಿಗೆ ತಿಳಿಯಿತು. ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

ಧಾರವಾಡದ ನನ್ನ ಕೊಳವೆಯಲ್ಲಿ ಒಳ್ಳೆಯ ಗ್ಲೈಸಿನ್, ಕೆಟ್ಟ ಗ್ಲೈಸಿನ್ ಅಂತ ಎರಡು ಇರಲಿಲ್ಲ. ಇದ್ದದ್ದು ಒಂದೇ, ಅದನ್ನು ಕಾಯುವುದಷ್ಟೇ ನನ್ನ ಕೆಲಸವಾಗಿತ್ತು. ಅಕ್ಕನ ಬಾಯಲ್ಲಿ ಕಾಯಬೇಕಾದದ್ದು ಒಂದು, ಕೊಲ್ಲಬೇಕಾದದ್ದು ಒಂದು, ಎರಡೂ ಒಂದೇ ನೀರಿನಲ್ಲಿದ್ದವು. ಹದಿನೆಂಟು ವರ್ಷ ಪಾಠ ಹೇಳಿದವನಿಗೆ ಇಷ್ಟು ಹೊಳೆಯಲಿಲ್ಲ. ಮೊದಲ ದಿನ ಬಾಯಿಬಿಟ್ಟು ಕೇಳಿದ್ದರೆ ಎರಡು ನಿಮಿಷದ ಮಾತು.

ಹೊರಗೆ ಅಕ್ಕ ಎದ್ದು ನಿಂತಿದ್ದಳು. "ಏನಂದ್ರು?"

"ಗುಳಗಿ ಬರದಾರ" ಅಂದೆ.

ಸ್ಟೇಷನ್ನಿನಲ್ಲಿ ರೈಲಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಪ್ಲಾಟ್‌ಫಾರ್ಮಿನ ಬೆಂಚುಗಳ ಮೇಲೆ ಅವತ್ತಿನ ಕರೆಂಟ್ ಮುಗಿಸಿ ಬಂದವರು ಕೂತಿದ್ದರು, ನಾವು ಮೂರು ತಿಂಗಳ ಹಿಂದೆ ಕೂತಂತೆಯೇ. ಮುಖಗಳು ಮಾತ್ರ ಬೇರೆ. ಅವರ ನಡುವಿನಿಂದ ಒಬ್ಬ ಹೆಂಗಸು "ಅಕ್ಕಾ!" ಎಂದು ಕೂಗಿ ಎದ್ದು ಬಂದಳು. ಕುಡಚಿಯಲ್ಲಿ ನಮ್ಮ ಹಿಂದಿನ ಓಣಿಯವಳು, ಮುಸ್ಲಿಂ ಹೆಂಗಸು, ಮನೆಯಲ್ಲೇ ಬೀಡಿ ಕಟ್ಟುವವಳು. ನಲವತ್ತು ದಾಟಿರಲಿಲ್ಲ. ಗಲ್ಲದ ಒಂದು ಬದಿ ಕಪ್ಪಾಗುತ್ತಿತ್ತು.

"ಇಕಿದೂ ನನ್ನಂಗ ವಸಡಿಂದ ತಮ್ಮಾ. ಮೂರನೇ ವಾರ ನಡದೈತಿ" ಅಂತ ಅಕ್ಕ ನನಗೆ ಪರಿಚಯ ಮಾಡಿಕೊಟ್ಟಳು. ದನಿಯಲ್ಲಿ ಒಂದು ಹಿರಿತನವಿತ್ತು. "ಅಂಜಿ ಸಾಯಾಕ ಹತ್ತಿದ್ಲು. ನಿನ್ನ ಗುಳಗಿ ಉಳದಿದ್ದೂವಲ್ಲ, ಅವನ್ನ ಕೊಟ್ಟೆ. ತೀರಿದ ಮ್ಯಾಲ ಅದ ಬಾಟ್ಲಿ ತೋರಿಸಿ ಮೆಡಿಕಲ್‌ನ್ಯಾಗ ತಗೊಂಡಾಳ."

ಆ ಹೆಂಗಸು ಚೀಲದಿಂದ ಬಾಟಲಿ ತೆಗೆದು ನನಗೆ ತೋರಿಸಿದಳು. "ನಿಮ್ಮ ಮೆಹರಬಾನಿ ಸರ್. ನಮ್ಮ ಸಂಗಾಟದವರು ಎಲ್ಲಾರೂ ಒದ್ದಾಡಾಕತ್ತಾರ. ನನಗ ಇನ್ನೂ ಅನ್ನ ಹೋಗತೈತಿ ನೋಡ್ರಿ." ಹೇಳಿ ಬಾಯಿ ತೆರೆದು ತೋರಿಸಲು ಬಂದಳು. ಪಕ್ಕದ ಬೆಂಚಿನವರು ಕಿವಿಗೊಟ್ಟರು. ಒಬ್ಬ ಎದ್ದೇ ಬಂದು ಬಾಟಲಿಯ ಹೆಸರು ಓದತೊಡಗಿದ.

ಸುಮ್ಮನಿರಬಹುದಿತ್ತು. ರೈಲು ಬಂದಮೇಲೆ ಆಕೆಯೊಬ್ಬಳನ್ನೇ ಆಚೆ ಕರೆದು ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಆ ಮನುಷ್ಯ ಹೆಸರನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಿದ್ದ.

"ಅದನ್ನ ತಗೋಬ್ಯಾಡ್ರಿ" ಅಂದೆ. "ಯಾರೂ ತಗೋಬ್ಯಾಡ್ರಿ. ಇವತ್ತ ಬಿಟ್ಟ ಬಿಡ್ರಿ. ನಾಳೆ ಡಾಕ್ಟರಿಗೆ ಈ ಬಾಟ್ಲಿ ತೋರಿಸಿ, ಇಷ್ಟ ದಿನಾ ನುಂಗೇನಿ ಅಂತ ಹೇಳ್ರಿ."

"ಯಾಕ್ರಿ ಸರ್?"

"ಇದು ಬಾಯಿ ಕಾಯ್ತದ. ಬಾಯಾಗಿನ ರೋಗಾನೂ ಕಾಯಬಹುದಂತ. ನನಗ ಗೊತ್ತಿರಲಿಲ್ಲ. ಡಾಕ್ಟರಿಗೆ ಕೇಳದ ಕೊಟ್ಟೆ. ಅವರ ಕೇಳಿದಾಗೂ ಕೊಟ್ಟಿಲ್ಲ ಅಂದೆ."

ಆ ಹೆಂಗಸು ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬುದ್ಧಿವಂತೆ. ನನ್ನ ಹಿಂದೆ ನಿಂತಿದ್ದ ಅಕ್ಕನ ಕುತ್ತಿಗೆಯ ಗಂಟನ್ನೂ ನೋಡಿದಳು. "ಅಕ್ಕಂದು ಹೋಗಿಲ್ಲೇನ್ರಿ ಹಂಗಾರ?" ಎಂದು ಕೇಳಿದಳು.

ಅಕ್ಕನ ಕಡೆ ತಿರುಗುವ ಧೈರ್ಯ ನನಗಿರಲಿಲ್ಲ. "ಇಲ್ಲ" ಅಂದೆ. "ಇದರಿಂದ ಇರಬಹುದು, ಇಲ್ಲದನೂ ಇರಬಹುದು. ಗೊತ್ತಿಲ್ಲ."

ವರದಿಯಲ್ಲಿ ಏನಿತ್ತು ಎಂಬುದು ಅಕ್ಕನಿಗೆ ಹೀಗೆ ತಿಳಿಯಿತು. ಮಿರಜ ಸ್ಟೇಷನ್ನಿನ ಬೆಂಚಿನ ಹತ್ತಿರ, ಪರರ ಎದುರಿಗೆ. ಪಕ್ಕದ ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಮುಗಿಯುವುದೇ ಇಲ್ಲವೇನೋ ಎಂಬಂತೆ ಹೋಯಿತು. ಆಮೇಲೆ ಅಕ್ಕ ನನ್ನನ್ನು ದಾಟಿಕೊಂಡು ಮುಂದೆ ಬಂದಳು. ಆ ಹೆಂಗಸಿನ ಕೈಯಿಂದ ಬಾಟಲಿ ತೆಗೆದುಕೊಂಡು ನನ್ನ ಅಂಗಿಯ ಕಿಸೆಗೆ ಹಾಕಿದಳು. ಅವಳನ್ನು ಬೆಂಚಿನ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು.

"ನಾಳಿಂದ ಬಾಯಿ ಉರದೀತು ತಂಗಿ" ಅಂದಳು. "ಉರೀಲಿ, ಅಂಜಬ್ಯಾಡ. ನಂದು ಉರೀಲಿಲ್ಲ ನೋಡು."